ಪಿಂಗ್ ಒತ್ತುವ ಮುನ್ನ ಕಿವಿಗೊಡಿ

ಬೀದರ್, ಹುಮನಾಬಾದ್ ಕಡೆಯಿಂದ ಬಂದು ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರೇ, ಪಾಳಿ ಮುಗಿಸಿ ರೂಮಿಗೆ ಬಂದು ‘ಸೈಲೆಂಟ್ ಹಂಟರ್ 4’ ಎಂಬ ಸಬ್‌ಮರೀನ್ ಆಟ ಆಡುವುದಕ್ಕೆ ನನ್ನ ತಕರಾರೇನಿಲ್ಲ. ಊಟ ಮಾಡಿ ಕೂತರೆ ಸಾಕು. ಆದರೆ ಹಡಗಿನ ಸದ್ದು ಕೇಳಿದ ಕೂಡಲೇ ದೂರ ಅಳೆಯಲೆಂದು ಸದ್ದು ಬಿಡುವ ಪಿಂಗ್ ಅನ್ನು ಮೇಲಿಂದ ಮೇಲೆ ಒತ್ತುತ್ತೀರಲ್ಲ, ಆ ಚಾಳಿ ಬಿಡಿ.

ದೂರದ ಲೆಕ್ಕವೇನೋ ಸುಲಭ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ನೀವು ಬಿಟ್ಟ ಸದ್ದು ಹಡಗಿಗೆ ಬಡಿದು 4 ಸೆಕೆಂಡಿಗೆ ಮರಳಿತೆಂದರೆ ಹೋಗಿಬಂದ ದಾರಿ 6 ಕಿಲೋಮೀಟರ್, ಹಡಗಿರುವುದು 3 ಕಿಲೋಮೀಟರ್ ಆಚೆ. ಆದರೆ ನಿಮ್ಮ ಕಿವಿಗೆ ಬೀಳುವ ಪ್ರತಿಧ್ವನಿ ಎರಡು ಪಟ್ಟು ದಾರಿ ಸವೆಸಿ ಸೊರಗಿರುತ್ತದೆ; ಶತ್ರುವಿಗೆ ಅದೇ ಸದ್ದು ಗಟ್ಟಿಯಾಗಿಯೇ ಮುಟ್ಟುತ್ತದೆ. ಕತ್ತಲ ಹೊಲದಲ್ಲಿ ಬ್ಯಾಟರಿ ಬಿಟ್ಟವನಿಗೆ ಕಾಣುವುದು ನಾಲ್ಕು ಮಾರು, ಅವನು ಮಾತ್ರ ಊರಿಗೆಲ್ಲ ಕಾಣುತ್ತಾನೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಪಿಂಗೂ ಅಷ್ಟೇ.

ಹಾಗಾಗಿ ಮೊದಲು ಇಯರ್‌ಫೋನ್ ಹಾಕಿಕೊಳ್ಳಿ. (ಪಕ್ಕದಲ್ಲಿ ಮಲಗಿದವನಿಗೆ ಬೆಳಗಿನ ಪಾಳಿ ಇರುತ್ತದೆ, ಅದೂ ನೆನಪಿರಲಿ.) ನೀರಿನೊಳಗಿನ ಸದ್ದು ಕೇಳಿಸುವ ಹೈಡ್ರೋಫೋನನ್ನು ಮೆಲ್ಲಗೆ ತಿರುಗಿಸುತ್ತ ಕೇಳಿ. ನಿಧಾನವಾಗಿ ದಪದಪ ಎನ್ನುವುದು ಸರಕು ಹಡಗು, ಗಿರ್ರನೆ ಬರುವುದು ಕಾವಲಿನ ಡೆಸ್ಟ್ರಾಯರ್. ಸದ್ದು ಎಡಕ್ಕೆ ಎಲ್ಲಿ ಅಡಗುತ್ತದೆ, ಬಲಕ್ಕೆ ಎಲ್ಲಿ ಅಡಗುತ್ತದೆ ನೋಡಿ ನಡುವಿನ ಡಿಗ್ರಿ ಬರೆದುಕೊಳ್ಳಿ. ಹಡಗಿನ ವೇಗ, ಅದು ಹೋಗುವ ದಿಕ್ಕು ಅಂದಾಜಾಗಲಿ. ಬರೀ ದೂರ ಗೊತ್ತಾದರೆ ಟಾರ್ಪಿಡೊ ತಾಗುವುದಿಲ್ಲ. ಟ್ಯೂಬಿನ ಬಾಗಿಲು ತೆರೆದು, ಎಲ್ಲ ಸಜ್ಜಾದ ಮೇಲೆ ಸರಕು ಹಡಗಿನತ್ತ ಒಂದೇ ಒಂದು ಪಿಂಗ್ ಬಿಡಿ. ಬಂದ ದೂರವನ್ನು ತಕ್ಷಣ ಗುರಿಯ ಲೆಕ್ಕಕ್ಕೆ ಸೇರಿಸಿ ಹೊಡೆಯಿರಿ. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಾವಲಿಲ್ಲದ ಒಂಟಿ ಸರಕು ಹಡಗಾದರೆ ಇಷ್ಟು ಹೆದರಬೇಡಿ. ಮೂರು ನಿಮಿಷ ಬಿಟ್ಟು ಎರಡನೇ ಪಿಂಗ್ ಕೊಡಿ, ಎರಡೂ ಸಲದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ. ಹಡಗು ಅಷ್ಟರಲ್ಲಿ ಎಷ್ಟು ನೂರು ಗಜ ಸರಿಯಿತೋ ಅದರ ವೇಗ ಹೆಚ್ಚುಕಡಿಮೆ ಅಷ್ಟೇ ನಾಟ್: 800 ಗಜಕ್ಕೆ 8 ನಾಟ್. ನೀವೂ ಸರಿದಿದ್ದರೆ ಆಯಾ ಹೊತ್ತಿಗೆ ನೀವಿದ್ದ ಜಾಗದಿಂದಲೇ ಗೆರೆ ಎಳೆಯಬೇಕು. ಇಲ್ಲೇ ಬಹಳ ಜನ ಎಡವುವುದು.

ಕಾವಲಿದ್ದಲ್ಲಿ ಮಾತ್ರ ಹೊಡೆದ ಮೇಲೆ ಮಜಾ ನೋಡುತ್ತ ನಿಲ್ಲಬೇಡಿ. ದಿಕ್ಕು ಬದಲಿಸಿ, ಸದ್ದಿಲ್ಲದೆ ಆಳಕ್ಕಿಳಿಯಿರಿ. ಮೇಲಿನ ಬೆಚ್ಚನೆಯ ನೀರು ಮುಗಿದು ತಣ್ಣೀರು ಶುರುವಾಗುವಲ್ಲಿ ಸದ್ದು ಬಾಗುತ್ತದೆ, ಅದರ ಕೆಳಗೆ ಅಡಗಿದವರನ್ನು ಹುಡುಕುವುದು ಕಷ್ಟ.

ಇಷ್ಟೆಲ್ಲ ಆಡುವವರು ನಿಜವಾದ ಸಬ್‌ಮರೀನನ್ನೂ ಒಮ್ಮೆ ನೋಡಬೇಡವೇ? ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಐಎನ್‌ಎಸ್ ಕುರ್ಸುರಾ 2002ರಿಂದ ಮ್ಯೂಸಿಯಂ ಆಗಿ ನಿಂತಿದೆ. ಮುಂದಿನ ರಜೆಗೆ ಹೋಗಿಬನ್ನಿ.