ಅಣ್ಣನ ಸಹಿ

ಮನೆಯಲ್ಲಿ ಯಾರಿಗಾದರೂ ನರಗಳು ಸವೆಯುವ ಕಾಯಿಲೆ ಬಂತೆಂದರೆ ವೈದ್ಯರನ್ನು ಒಂದು ಮಾತು ಕೇಳಿಕೊಳ್ಳಿ: ಮೊದಲು ಹೋಗುವುದು ಕೈಯೋ, ನೆನಪೋ? ಹಣಕಾಸಿನ ಕಾಗದಗಳಲ್ಲಿ ಯಾವುದನ್ನು ಮೊದಲು ಮಾಡಬೇಕೆಂಬುದು ಆ ಉತ್ತರದ ಮೇಲಿದೆ. ಆಲ್‌ಝೈಮರ್ಸ್‌ನಲ್ಲಿ ಕೈ ಗಟ್ಟಿಯಿರುವಾಗಲೇ ನೆನಪು ಮಾಸುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ರಾಜಕಾರಣಿ ಜಾರ್ಜ್ ಫರ್ನಾಂಡಿಸ್ ಅವರಿಗೆ ಹಾಗಾಯಿತು. ಅವರನ್ನು ಯಾರು ನೋಡಿಕೊಳ್ಳಬೇಕೆಂಬ ಜಗಳ 2010ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಹೆಂಡತಿಯ ಬಳಿಯೇ ಇರಲಿ, ತಮ್ಮಂದಿರು ಬಂದು ನೋಡಿ ಹೋಗಲಿ ಎಂದಿತು ನ್ಯಾಯಾಲಯ. ಒಡಹುಟ್ಟಿದವನನ್ನು ಕಾಣಲು ಕೋರ್ಟಿನ ಆದೇಶ ಬೇಕಾದ ಆ ಸಂಕಟ ನನಗೆ ಅರ್ಥವಾಗುತ್ತದೆ.

ನನ್ನಣ್ಣನದು ಇದರ ತಿರುವುಮುರುವು. ಮೋಟಾರ್ ನ್ಯೂರಾನ್ ಕಾಯಿಲೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತ ಹೋಗುತ್ತವೆ. ಹೆಚ್ಚಿನವರಲ್ಲಿ ಬುದ್ಧಿ ನೆಟ್ಟಗೇ ಇರುತ್ತದೆ. ತಾಳಗುಪ್ಪದ ಮನೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು ಅಡಿಕೆ ಸುಲಿಯುವಾಗ. ಮೆಟ್ಟುಗತ್ತಿಯ ಮುಂದೆ ಕೂತವನ ಬಲಗೈಯಿಂದ ಹಸಿ ಅಡಿಕೆ ಜಾರಿ ಜಾರಿ ಬೀಳುತ್ತಿತ್ತು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ರಾತ್ರಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ವಾಸಿ ಮಾಡುವ ಔಷಧವಿಲ್ಲ, ರಿಲುಜೋಲ್ ಮಾತ್ರೆಯಿಂದ ಕೆಲವು ತಿಂಗಳು ಸಿಗಬಹುದು ಎಂದರು.

ಕೆಲವೇ ದಿನಕ್ಕೆ, ಸಹಿ ಹೊಂದುವುದಿಲ್ಲವೆಂದು ಅಣ್ಣನ ಚೆಕ್ ವಾಪಸಾಯಿತು. ಇನ್ನು ಖಾತೆಯ ದುಡ್ಡು ಕೈಗೆ ಸಿಗುವುದಿಲ್ಲವೆಂದು ಅತ್ತಿಗೆ ಕಂಗಾಲಾದರು. ರಿಸರ್ವ್ ಬ್ಯಾಂಕಿನ ನಿಯಮ ಹಾಗಿಲ್ಲ. ಕಾಯಿಲೆಯವರು ಹೆಬ್ಬೆಟ್ಟು ಒತ್ತಬಹುದು, ಕಾಲ್ಬೆರಳ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅಧಿಕಾರಿ ಮನೆಗೆ ಬಂದವರು ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದರು. ಅಣ್ಣ ತೊದಲುತ್ತಲೇ ಸಿಟ್ಟಾದ: "ತಲೆ ಸರಿ ಇದೆಯಲ್ಲ ಮಾರಾಯ್ತಿ, ನನ್ನನ್ನೇ ಕೇಳ್ಲಿ."

ಆಮೇಲೆ ಎಲ್ಲವನ್ನೂ ಅವನನ್ನೇ ಕೇಳಿದೆವು. ಖಾತೆಗೆ ಅತ್ತಿಗೆಯ ಹೆಸರು ಸೇರಿತು, ಠೇವಣಿಗಳಿಗೆ ನಾಮಿನಿ ಆಯಿತು. ತೋಟಕ್ಕೆ ಉಯಿಲು ಬರೆಸಿದ. 1925ರ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲಿಗೆ ಸಹಿಯೇ ಬೇಕೆಂದಿಲ್ಲ, ಗುರುತು ಹಾಕಿದರೂ ಸಾಕು, ಇಬ್ಬರು ಸಾಕ್ಷಿಗಳಿರಬೇಕು. ನೋಂದಣಿ ಕಡ್ಡಾಯವಲ್ಲ, ಬೇಕೆಂದರೆ, ಹಾಸಿಗೆ ಹಿಡಿದವರ ಮನೆಗೆ ಉಪನೋಂದಣಾಧಿಕಾರಿ ಬರಲು ಕಾನೂನಿನಲ್ಲಿ ಅವಕಾಶವಿದೆ. ಪವರ್ ಆಫ್ ಅಟಾರ್ನಿ ಒಂದಿದ್ದರೆ ಸಾಕೆಂದು ನಂಬಿ ಕೂತ ಮನೆಗಳನ್ನು ಕಂಡಿದ್ದೇನೆ. ಕೊಟ್ಟವರ ಉಸಿರಿನೊಂದಿಗೆ ಅದೂ ಮುಗಿಯುತ್ತದೆ.

ಖರ್ಚಿನ ಮಾತು. ಆರೋಗ್ಯ ವಿಮೆ ಬಹುಮಟ್ಟಿಗೆ ಆಸ್ಪತ್ರೆಯ ಬಿಲ್ಲಿಗೆ. ಈ ಕಾಯಿಲೆಯ ಖರ್ಚಿರುವುದು ಮನೆಯಲ್ಲಿ: ಏರಿಳಿಸುವ ಮಂಚ, ಕಫ ಎಳೆಯುವ ಯಂತ್ರ, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯಿಡೀ ಮಗ್ಗುಲು ಬದಲಿಸುವವರ ಸಂಬಳ. ತೆರಿಗೆಯಲ್ಲಿ ಒಂದಿಷ್ಟು ಆಸರೆಯಿತ್ತು. 1961ರ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದ್ದಾಗ ಅದರ 80ಡಿಡಿಬಿ ಪಟ್ಟಿಯಲ್ಲಿ ಮೋಟಾರ್ ನ್ಯೂರಾನ್, ಪಾರ್ಕಿನ್ಸನ್, ಡಿಮೆನ್ಷಿಯಾ ಮೂರೂ ಇದ್ದವು. ಅಂಗವೈಕಲ್ಯ ಶೇ 40 ಮುಟ್ಟಿ, ಅಣ್ಣ-ತಮ್ಮ, ಅಕ್ಕ-ತಂಗಿ ನಿಮ್ಮನ್ನೇ ನಂಬಿದ್ದರೆ ಚಿಕಿತ್ಸೆಯ ಖರ್ಚಿನಲ್ಲಿ 40,000 ರೂಪಾಯಿವರೆಗೆ, ಹಿರಿಯ ನಾಗರಿಕರಾದರೆ 1 ಲಕ್ಷದವರೆಗೆ ವಿನಾಯಿತಿ ಸಿಗುತ್ತಿತ್ತು. 80ಡಿಡಿಯಲ್ಲಿ 75,000, ವೈಕಲ್ಯ ಶೇ 80 ಮುಟ್ಟಿದರೆ 1.25 ಲಕ್ಷ. ಎರಡೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದ್ದವು.

ಕೊನೆಕೊನೆಗೆ ಉಸಿರಾಟ ಸೋತಾಗ, ಗಂಟಲಿಗೆ ನಳಿಗೆ ಹಾಕಿಸಿ ಮನೆಯಲ್ಲೇ ವೆಂಟಿಲೇಟರ್ ಇಡೋಣವೆಂದು ಹಟ ಹಿಡಿದವಳು ನಾನು. ನನ್ನ ಬಂಗಾರ ಮಾರುತ್ತೇನೆ ಎಂದೆ. ಅಣ್ಣನ ಮಾತು ಆಗಲೇ ನಿಂತಿತ್ತು. ಅವನ ಮಗಳು ಚಿಕ್ಕವಳಿದ್ದಾಗಿನ ವರ್ಣಮಾಲೆಯ ಪಟ ಗೋಡೆಗಿತ್ತು. ಅತ್ತಿಗೆ ಅಕ್ಷರದ ಮೇಲೆ ಬೆರಳಿಡುತ್ತಿದ್ದರು, ಅವನು ರೆಪ್ಪೆ ಬಡಿಯುತ್ತಿದ್ದ. ಬೇಡ, ಅಂದ. ಮಗಳ ಠೇವಣಿ ಮುಟ್ಟಬೇಡಿ, ಅಂದ. ಅಷ್ಟು ಹೇಳಲು ಮಧ್ಯಾಹ್ನವೆಲ್ಲ ಹಿಡಿಯಿತು. ನನಗಿದು ಇಂದಿಗೂ ಒಪ್ಪಿಗೆಯಾಗಿಲ್ಲ. ಆದರೆ ಅವನ ಹಣದ ಬಗ್ಗೆ, ಅವನ ಜೀವದ ಬಗ್ಗೆ ಹೇಳಬೇಕಾದವನು ಅವನೇ ಆಗಿದ್ದ, ಹೇಳಿದ. ಅವನು ಹೋದ ಮೇಲೆ ತೋಟದ ಪೌತಿ ಖಾತೆ ಅತ್ತಿಗೆಯ ಹೆಸರಿಗಾಯಿತು. ಆ ಠೇವಣಿಯಲ್ಲಿ ಮಗಳು ಸಾಗರದಲ್ಲಿ ಡಿಗ್ರಿ ಓದುತ್ತಿದ್ದಾಳೆ.