ಮನೆಯ ಜಗಲಿಯೇ ಕಮ್ಮಟವಾದಾಗ: ಬೆಳ್ಳಿ ಕೆಲಸಗಾರರ ಅರ್ಜಿ ಪರಿಶೀಲನೆ

ಸಾಸ್ತಾನದ ಮನೆಯೊಂದರ ಜಗಲಿಯಲ್ಲಿ ಕುಳಿತು ಕಾಲುಂಗುರ, ಗೆಜ್ಜೆ, ಉಡಿದಾರ ತಯಾರಿಸುವ ಮಹಿಳೆಯೊಬ್ಬರು ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಸಲ್ಲಿಸಿದ್ದಾರೆಂದು ಭಾವಿಸೋಣ. ಅವರಿಗೆ ಅಂಗಡಿಯಿಲ್ಲ, ನಾಮಫಲಕವಿಲ್ಲ. ಅವರ ಕಸುಬನ್ನು ಮೊದಲು ದೃಢೀಕರಿಸಬೇಕಾದುದು ಗ್ರಾಮ ಪಂಚಾಯತ್.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗ ವೃತ್ತಿಯೂ ಒಂದು. ಅರ್ಹರಿಗೆ ತರಬೇತಿ, ಉಪಕರಣಗಳಿಗಾಗಿ ರೂ. 15,000ದವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಆಧಾರರಹಿತವಾಗಿ ಮೊದಲು ರೂ. 1 ಲಕ್ಷ, ಬಳಿಕ ರೂ. 2 ಲಕ್ಷದವರೆಗೆ ಸಾಲ ದೊರೆಯುತ್ತದೆ. ಪರಿಶೀಲನೆಯ ಮೂರು ಹಂತಗಳಲ್ಲಿ ಮೊದಲನೆಯದು ಪಂಚಾಯತಿನದು. ಅಲ್ಲಿ ತಡೆದ ಅರ್ಜಿ ಜಿಲ್ಲಾ ಸಮಿತಿಯನ್ನು ತಲುಪುವುದಿಲ್ಲ.

ಆದುದರಿಂದ ಕಡತವನ್ನಷ್ಟೇ ನೋಡದೆ ಕೆಲಸದ ಸ್ಥಳವನ್ನು ನೋಡುವುದು ಯುಕ್ತ. ಮೂಸೆ, ಊದುಗೊಳವೆ, ಚಿಮಟ ಬಳಕೆಯಲ್ಲಿವೆಯೇ? ಅರ್ಜಿದಾರರು ಸ್ವತಃ ಬೆಳ್ಳಿ ಕರಗಿಸಿ, ತಂತಿ ಎಳೆದು, ಬೆಸೆಯುವರೇ, ಅಥವಾ ಸಿದ್ಧ ಆಭರಣವನ್ನು ತಂದು ಮಾರುವರೇ? ಯೋಜನೆಯಿರುವುದು ಕೈಯಿಂದ ದುಡಿಯುವವರಿಗೆ. ವಯಸ್ಸು 18 ತುಂಬಿರಬೇಕು. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಸರಕಾರಿ ನೌಕರರಿಗೂ ಅವರ ಕುಟುಂಬದವರಿಗೂ ಇಲ್ಲ. ಜಾತಿ ಇಲ್ಲಿ ಮಾನದಂಡವಲ್ಲ.

ಅಂಗಡಿಯಿಲ್ಲವೆಂಬುದು ಅರ್ಜಿ ನಿರಾಕರಣೆಗೆ ಕಾರಣವಾಗಲಾರದು. ಕಸುಬಿಗೆ ಸಾಕ್ಷಿ ಕೆಲಸ ಮಾಡುವ ಕೈಯೇ ಹೊರತು ನಾಮಫಲಕವಲ್ಲ.