ಕುರ್ಬಾನಿಯ ಟಗರು: ಬೆನ್ನು ಮುಟ್ಟಿ, ಹಲ್ಲು ನೋಡಿ

ಬಕ್ರೀದ್ ಸಂತೆಯಲ್ಲಿ ದಪ್ಪ ಹೊಟ್ಟೆಯ ಟಗರಿಗೇ ಬೆಲೆ ಹೆಚ್ಚು. ನಾನು ಹೊಟ್ಟೆಯನ್ನು ನಂಬುವುದಿಲ್ಲ; ಬೆಳಿಗ್ಗೆ ಮೇವು ನೀರು ಕೊಟ್ಟರೆ ಯಾವ ಹೊಟ್ಟೆಯೂ ಉಬ್ಬುತ್ತದೆ. ಉಣ್ಣೆ ದಟ್ಟವಾಗಿದ್ದರಂತೂ ಕಣ್ಣಿಗೆ ಏನೂ ತಿಳಿಯದು. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನಿನ ಮೇಲೆ ಬೆರಳೊತ್ತಿ ನೋಡುತ್ತೇನೆ. ಮೂಳೆ ಗರಗಸದಂತೆ ಚುಚ್ಚಿದರೆ ಮಾಂಸ ತುಂಬಿಲ್ಲ. ಒತ್ತಿದಾಗ ಮಾತ್ರ ದುಂಡಗೆ ಸಿಕ್ಕರೆ ಸರಿ. ಗಟ್ಟಿಯಾಗಿ ಒತ್ತಿದರೂ ಸಿಗದಿದ್ದರೆ ನಾವು ಕೊಬ್ಬಿಗೆ ದುಡ್ಡು ಕೊಡುತ್ತಿದ್ದೇವೆ.

ವಯಸ್ಸು ಹೇಳುವುದು ಹಲ್ಲು. ಕುರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಕೆಳಗಿನ ಎಂಟನ್ನು ನೋಡಬೇಕು. ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲ ಹಲ್ಲು ಬಂದಿದ್ದರೆ ಸಾಮಾನ್ಯವಾಗಿ ವರ್ಷ ದಾಟಿದೆ. ಸಂತೆಯ ಭಾಷೆಯಲ್ಲಿ 'ಎರಡು ಹಲ್ಲು'. ಹನಫಿ ಮಝ್‌ಹಬ್‌ನಲ್ಲಿ ಆರು ತಿಂಗಳು ತುಂಬಿ, ವರ್ಷದ್ದರಂತೆ ಕಾಣುವ ಕುರಿಗೂ ಅನುಮತಿಯಿದೆ. ಆಡಿಗೆ ಈ ರಿಯಾಯಿತಿ ಇಲ್ಲ, ವರ್ಷ ತುಂಬಲೇಬೇಕು. ಅಲ್ಲಿ ಬಾಯಿ ತೆರೆಸದೆ ಹಣ ಕೊಡಬೇಡಿ.